ಹದ, ಕಣ್ಣಳತೆ, ಎಚ್ಚರ: ಮಂಡ್ಯ ಸೀಮೆಯ ಬಯಲು ಕಲಿಕೆಯ ಮೌಲ್ಯಗಳನ್ನು ಕುರಿತು

ಕನ್ನಡದಲ್ಲಿ ಜಾನಪದವು ಒಂದು ಅಧ್ಯಯನ ಶಿಸ್ತಾಗಿ ನೆಲೆಗೊಂಡು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಸಂದಿದೆ. ಈ ಅವಧಿಯಲ್ಲಿ ಗೀತೆ, ಕಥನಗೀತೆ, ಗಾದೆ, ಒಗಟು, ಆಚರಣೆ, ರಂಗಭೂಮಿ ಮುಂತಾದವುಗಳ ಸಂಗ್ರಹಕ್ಕೂ ವಿಶ್ಲೇಷಣೆಗೂ ದೊರೆತಷ್ಟು ಗಮನ ಬಯಲಿನಲ್ಲಿ ದುಡಿಯುವವರ ಕೈಯರಿವಿಗೆ ದೊರೆತಿಲ್ಲ. ದೊರೆತಲ್ಲಿಯೂ ಅದು ಬಹುಮಟ್ಟಿಗೆ ‘ಜನಪದ ವಿಜ್ಞಾನ’, ‘ಜನಪದ ತಂತ್ರಜ್ಞಾನ’ ಎಂಬ ಶೀರ್ಷಿಕೆಗಳಡಿಯಲ್ಲಿ ಪಟ್ಟಿಯ ರೂಪದಲ್ಲಿ ಬಂದಿದೆ: ಇಷ್ಟು ಬಗೆಯ ನೇಗಿಲು, ಇಷ್ಟು ಬಗೆಯ ಬಲೆ, ಇಷ್ಟು ಬಗೆಯ ಗಿಡಮೂಲಿಕೆ. ಈ ಪಟ್ಟಿಗಳ ಉಪಯುಕ್ತತೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ನೇಗಿಲು ಹಿಡಿಯುವುದನ್ನು ಹುಡುಗನೊಬ್ಬ ಹೇಗೆ ಕಲಿತ, ಕಲಿಸಿದವರು ಯಾರು, ಆ ಕಲಿಕೆ ಅವನಲ್ಲಿ ಎಂಥ ನಡವಳಿಕೆಯನ್ನು ಬೇಡಿತು ಎಂಬ ಪ್ರಶ್ನೆಗಳು ಪಟ್ಟಿಯ ಹೊರಗೇ ಉಳಿದಿವೆ. ನಿಸರ್ಗದ ನಡುವೆ ಮಕ್ಕಳಿಗೆ ಕಲಿಸಬೇಕೆಂಬ ಮಾತು ಶಿಕ್ಷಣ ಕ್ಷೇತ್ರದಲ್ಲಿ ಬಲವಾಗಿ ಕೇಳಿಬರುತ್ತಿರುವ ಹೊತ್ತಿನಲ್ಲಿ ಈ ಕೊರತೆ ಕೇವಲ ಶಾಸ್ತ್ರೀಯವಾದುದಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು, ಬಯಲು ಕಲಿಕೆಯ ಹಿಂದಿರುವ ಮೌಲ್ಯಗಳನ್ನು ಮತ್ತು ಅವುಗಳನ್ನು ನಮ್ಮ ಸಾಹಿತ್ಯ ಹಾಗೂ ಶಿಕ್ಷಣ ಗ್ರಹಿಸಿರುವ ರೀತಿಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಾಲ್ಕೂ ತಾಲ್ಲೂಕುಗಳು ೧೯೩೯ರಲ್ಲಿ ರಚನೆಯಾದ ಮಂಡ್ಯ ಜಿಲ್ಲೆಗೆ ಸೇರಿದ್ದರೂ ನೆಲದ ಗುಣದಲ್ಲಿ ಅವು ಒಂದಲ್ಲ. ಶ್ರೀರಂಗಪಟ್ಟಣ ಕಾವೇರಿಯ ಕವಲುಗಳ ನಡುವಿನ ನಡುಗಡ್ಡೆ. ಒಡೆಯರ ಕಾಲದಿಂದಲೂ ಅಣೆಕಟ್ಟು, ನಾಲೆಗಳ ಊರು. ಪಾಂಡವಪುರದಲ್ಲಿ ಒಂದೆಡೆ ತೊಣ್ಣೂರು ಕೆರೆ, ವಿಶ್ವೇಶ್ವರಯ್ಯ ನಾಲೆಯ ಬಯಲು, ಇನ್ನೊಂದೆಡೆ ಕುಂತಿಬೆಟ್ಟದಿಂದ ಮೇಲುಕೋಟೆಯವರೆಗಿನ ಕಲ್ಲುಗುಡ್ಡ ಮತ್ತು ಕುರುಚಲು ಕಾಡು. ಕೃಷ್ಣರಾಜಪೇಟೆಯಲ್ಲಿ ಹೇಮಾವತಿ ಹರಿಯುತ್ತದೆ. ಮಂದಗೆರೆ, ಹೇಮಗಿರಿಯ ಅಣೆಗಳು ಅಲ್ಲಿವೆ. ನಾಗಮಂಗಲ ಹೆಚ್ಚಿನ ಪಾಲು ಮಳೆಯನ್ನೂ ಕೆರೆಯನ್ನೂ ನಂಬಿದ ಬೆದ್ದಲು ಸೀಮೆ. ರಾಗಿ, ಹುರುಳಿ, ಅವರೆ ಅಲ್ಲಿನ ಬೆಳೆ. ಹೀಗಾಗಿ ‘ಮಂಡ್ಯದ ಗ್ರಾಮೀಣ ಜ್ಞಾನ’ ಎಂಬ ಒಂದೇ ಹೆಸರಿನಡಿ ಇವುಗಳನ್ನು ಕಟ್ಟಿಹಾಕುವುದು ಸರಿಯಾಗದು. ಹೊಳೆಯ ಸೆಳವನ್ನು ಅರಿತವನು ಬೆದ್ದಲಿನಲ್ಲಿ ಬಿತ್ತನೆಯ ದಿನ ಗೊತ್ತುಮಾಡಲಾರ. ನಾಗಮಂಗಲದ ಬೇಸಾಯಗಾರನಿಗೆ ಹರಿಗೋಲು ಅಪರಿಚಿತ ವಸ್ತು.

ಹೀಗಿದ್ದರೂ ಈ ಸೀಮೆಯ ಆಡುಮಾತಿನಲ್ಲಿ ಎಲ್ಲ ಕಸುಬಿನವರೂ ಬಳಸುವ ಒಂದು ಮಾತಿದೆ: ಹದ. ಉಳುವುದಕ್ಕೆ ಮಣ್ಣಿನ ಹದ, ಬಿತ್ತುವುದಕ್ಕೆ ತೇವದ ಹದ, ಬೆಲ್ಲಕ್ಕೆ ಪಾಕದ ಹದ, ಕುಲುಮೆಯಲ್ಲಿ ಕುಡುಗೋಲಿನ ಹದ, ಮುದ್ದೆಗೆ ಹಿಟ್ಟಿನ ಹದ. ಈ ಪದವನ್ನು ‘ಸರಿಯಾದ ಸ್ಥಿತಿ’ ಎಂದು ಅರ್ಥೈಸಿದರೆ ಅದರ ಮುಖ್ಯ ಅಂಶ ಕೈಬಿಟ್ಟುಹೋಗುತ್ತದೆ. ಹದವೆಂಬುದು ವಸ್ತುವಿನಲ್ಲಿರುವ ಗುಣ ಮಾತ್ರವಲ್ಲ, ಅದನ್ನು ಕಂಡುಕೊಳ್ಳುವವನ ಇಂದ್ರಿಯಗಳಲ್ಲಿರುವ ಸಿದ್ಧತೆಯೂ ಹೌದು. ಅದಕ್ಕೆ ಕಾಲವಿದೆ, ಬರುತ್ತದೆ, ಸ್ವಲ್ಪ ಹೊತ್ತು ನಿಲ್ಲುತ್ತದೆ, ತಪ್ಪಿಹೋಗುತ್ತದೆ. ಅದನ್ನು ಅವಸರಪಡಿಸಲಾಗದು, ಹೋದುದನ್ನು ಮರಳಿ ತರಲಾಗದು. ಕಾಯುವುದು, ನೋಡುವುದು ಮತ್ತು ಬಂದ ಕ್ಷಣದಲ್ಲಿ ಕೈಹಾಕುವುದು ಇವು ಮೂರೂ ಈ ಒಂದು ಪದದಲ್ಲಿ ಅಡಕವಾಗಿವೆ. ಬಯಲು ಕಲಿಕೆಯ ಮೌಲ್ಯಗಳನ್ನು ಹೊರಗಿನಿಂದ ತಂದ ಪರಿಭಾಷೆಯಲ್ಲಿ ಹುಡುಕುವ ಮೊದಲು ಇಂಥ ಮಾತುಗಳಲ್ಲಿ ಹುಡುಕಬೇಕೆಂಬುದು ಈ ಲೇಖನದ ನಿಲುವು.

ಆಲೆಮನೆಯ ನಿದರ್ಶನವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ನೋಡಬಹುದು. ಪಾಂಡವಪುರ ಮತ್ತು ಶ್ರೀರಂಗಪಟ್ಟಣದ ಕಬ್ಬಿನ ಬಯಲಿನಲ್ಲಿ ಆಲೆಮನೆಯು ಒಂದು ಉತ್ಪಾದನಾ ಘಟಕವಾಗಿರುವಂತೆ ಕಲಿಕೆಯ ಎಡೆಯೂ ಆಗಿತ್ತು. ಗಾಣದಿಂದ ಬಂದ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕಾಯುತ್ತದೆ. ಸುಣ್ಣ ಬೆರೆತು ಮಡ್ಡಿ ಮೇಲೆದ್ದಾಗ ಅದನ್ನು ತೆಗೆಯಬೇಕು. ನೊರೆಯ ಬಣ್ಣ ತಿರುಗುತ್ತದೆ, ಗುಳ್ಳೆಯ ಗಾತ್ರ ಬದಲಾಗುತ್ತದೆ, ಕುದಿಯ ಸದ್ದು ತಗ್ಗುತ್ತದೆ. ಪಾಕ ನೋಡುವವನು ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಿನಲ್ಲಿ ಉಂಡೆಮಾಡಿ ನೋಡುತ್ತಾನೆ. ಒಂದು ನಿಮಿಷ ಮೊದಲು ಇಳಿಸಿದರೆ ಬೆಲ್ಲ ಅಚ್ಚಿನಲ್ಲಿ ನಿಲ್ಲುವುದಿಲ್ಲ, ಒಂದು ನಿಮಿಷ ತಡವಾದರೆ ಸೀಯುತ್ತದೆ. ಈ ನಿರ್ಧಾರವನ್ನು ಯಾರೂ ಮಾತಿನಲ್ಲಿ ಹೇಳಿಕೊಡುವುದಿಲ್ಲ. ರಚ್ಚು ಒಣಗಿಸುವ, ಒಲೆಗೆ ರಚ್ಚು ತುಂಬುವ ಕೆಲಸದಿಂದ ಆರಂಭಿಸಿದ ಹುಡುಗ ಹಲವು ಹಂಗಾಮುಗಳ ಕಾಲ ಪಾಕದ ಹತ್ತಿರ ನಿಂತು ನೋಡುತ್ತಾನೆ. ತಪ್ಪಿದರೆ ನಷ್ಟ ಅವನದಲ್ಲ, ಕಬ್ಬು ತಂದ ರೈತನದು. ಇದು ಗಮನಿಸಬೇಕಾದ ಅಂಶ. ಶಾಲೆಯಲ್ಲಿ ತಪ್ಪಿನ ಫಲವನ್ನು ತಪ್ಪು ಮಾಡಿದವನೇ ಅಂಕದ ರೂಪದಲ್ಲಿ ಅನುಭವಿಸುತ್ತಾನೆ. ಬಯಲು ಕಲಿಕೆಯಲ್ಲಿ ಅದನ್ನು ಇನ್ನೊಬ್ಬರು ಹೊರಬೇಕಾಗುತ್ತದೆ. ಎಚ್ಚರವೆಂಬುದು ಇಲ್ಲಿ ವೈಯಕ್ತಿಕ ಸದ್ಗುಣವಾಗಿ ಉಳಿಯದೆ ಪರರ ದುಡಿಮೆಗೆ ತೋರುವ ಗೌರವವಾಗುತ್ತದೆ.

ನೀರುಗಂಟಿಯ ಅರಿವು ಇದೇ ಬಗೆಯದು. ಕೆರೆಯ ಏರಿಯ ಮೇಲೆ ನಡೆಯುತ್ತ ಇಲಿಯ ಬಿಲ, ಬೇರಿನ ಸಂದು, ಜಿನುಗು ತೇವ ಇವುಗಳನ್ನು ಗುರುತಿಸುವುದು. ತೂಬನ್ನು ಎಷ್ಟು ಎತ್ತಿದರೆ ಕೊನೆಯ ಗದ್ದೆಗೆ ಎಷ್ಟು ಹೊತ್ತಿಗೆ ನೀರು ಮುಟ್ಟೀತೆಂದು ಅಂದಾಜು ಮಾಡುವುದು. ಕೆರೆಯಲ್ಲಿ ನೀರು ಕಡಿಮೆಯಾದ ವರ್ಷ ಎಷ್ಟು ಭೂಮಿಗೆ ಬೆಳೆ ಇಡಬಹುದೆಂದು ಊರಿಗೆ ತಿಳಿಸುವುದು ಅವನ ಕೆಲಸ. ಇದನ್ನು ಕಣ್ಣಳತೆ ಎನ್ನುತ್ತಾರೆ. ಅದು ನಿಖರತೆಯ ಒಂದು ರೂಪವಾಗಿದ್ದಂತೆಯೇ ನ್ಯಾಯದ ರೂಪವೂ ಆಗಿತ್ತು. ತಲೆಗದ್ದೆಯ ಪ್ರಬಲನಿಗೂ ಕೊನೆಗದ್ದೆಯ ದುರ್ಬಲನಿಗೂ ನೀರು ಹಂಚುವವನ ಅಳತೆಯನ್ನು ಊರು ನಂಬಬೇಕಿತ್ತು. ೧೯೬೧ರ ಗ್ರಾಮ ಕಛೇರಿಗಳ ರದ್ದಿಯಾತಿ ಕಾಯಿದೆಯಿಂದ ವಂಶಪಾರಂಪರ್ಯದ ಗ್ರಾಮಸೇವೆಗಳು ಕೊನೆಗೊಂಡವು. ನಾಲೆಯ ಅಚ್ಚುಕಟ್ಟಿನಲ್ಲಿ ಆ ಸ್ಥಾನಕ್ಕೆ ನೀರಾವರಿ ಇಲಾಖೆಯ ಸೌಡಿ ಬಂದ. ಆ ಕಾಯಿದೆ ಆಗಬೇಕಾದ್ದೇ ಆಗಿತ್ತು. ಅದರ ಕಾರಣವನ್ನು ಮುಂದೆ ಚರ್ಚಿಸಲಾಗಿದೆ.

ಹೊಳೆಯ ವಿಷಯದಲ್ಲಿ ಇನ್ನೊಂದು ಅಂಶವಿದೆ. ಬಿದಿರ ಹೆಣಿಗೆಗೆ ಹಿಂದೆ ಚರ್ಮವನ್ನೂ ಈಚೆಗೆ ಪ್ಲಾಸ್ಟಿಕ್ ಚೀಲ ಮತ್ತು ಡಾಂಬರನ್ನೂ ಹೊದಿಸಿದ ಹರಿಗೋಲನ್ನು ನಡೆಸುವವರು ನೀರಿನ ಬಣ್ಣ, ನೊರೆ, ತೇಲಿಬರುವ ಕಸಕಡ್ಡಿ ನೋಡಿ ಮೇಲ್ಸೀಮೆಯ ಮಳೆಯನ್ನು ಊಹಿಸುತ್ತಿದ್ದರು. ೧೯೧೧ರಲ್ಲಿ ಆರಂಭವಾಗಿ ೧೯೩೦ರ ದಶಕದ ಆರಂಭಕ್ಕೆ ಪೂರ್ಣಗೊಂಡ ಕನ್ನಂಬಾಡಿ ಕಟ್ಟೆಯ ಅನಂತರ ಕೆಳಗಿನ ಹೊಳೆ ಏರುವುದು ಮಳೆಯಿಂದಲ್ಲ, ಕಟ್ಟೆಯ ಬಾಗಿಲಿನಿಂದ. ಮೋಡವಿಲ್ಲದ ದಿನವೂ ನೀರು ಏರಬಹುದು. ರಂಗನತಿಟ್ಟಿನ ತಿಟ್ಟುಗಳ ಮೇಲೆ ಗೂಡುಕಟ್ಟಿದ ಹಕ್ಕಿಗಳೂ ಹೊಳೆದಂಡೆಯ ಮೀನುಗಾರರೂ ಸಮಾನವಾಗಿ ಎದುರಿಸಿದ ಸಂಗತಿ ಇದು. ‘ಪಾರಂಪರಿಕ’ ಎಂದೊಡನೆ ಕಾಲಾತೀತವೆಂದು ಭಾವಿಸುವ ನಮ್ಮ ವಿದ್ವತ್ತಿನ ರೂಢಿಗೆ ಇಲ್ಲಿ ತಡೆಯುಂಟಾಗುತ್ತದೆ. ಹೊಳೆಯ ಅರಿವು ಒಂದು ತಲೆಮಾರಿನೊಳಗೆ ತನ್ನ ಲಕ್ಷಣಗಳನ್ನು ತಾನೇ ತಿದ್ದಿಕೊಳ್ಳಬೇಕಾಯಿತು.

ಕುರಿಗಾಹಿಗಳ ಕುರಿತು ಸಂಕ್ಷೇಪವಾಗಿ ಹೇಳುವುದಾದರೆ, ಬೇಸಾಯಗಾರನ ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸಿ ಗೊಬ್ಬರ ಕೊಡುವ, ಅದಕ್ಕೆ ಪ್ರತಿಯಾಗಿ ದವಸ ಪಡೆಯುವ ಪದ್ಧತಿಯಲ್ಲಿ ಬೇಸಾಯ ಮತ್ತು ಪಶುಪಾಲನೆ ಒಂದನ್ನೊಂದು ಆಶ್ರಯಿಸಿದ್ದವು. ಮೇಲುಕೋಟೆಯ ಸುತ್ತಲಿನ ಕುರುಚಲು ಕಾಡನ್ನು ೧೯೭೪ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಿದ್ದು ಮುಖ್ಯವಾಗಿ ತೋಳಗಳ ರಕ್ಷಣೆಗಾಗಿ. ಕುರಿ ಕಾಯುವವನಿಗೆ ತೋಳ ವೈರಿ. ಆದರೆ ತೋಳದ ಹೆಜ್ಜೆ, ಹೊತ್ತು, ಹಾದಿ ಇವುಗಳನ್ನು ಆ ಬಯಲಿನಲ್ಲಿ ಅವನಷ್ಟು ತಿಳಿದವರು ಬೇರೆ ಇರಲಿಲ್ಲ. ಪ್ರೀತಿಯಿಂದಲೇ ಅರಿವು ಹುಟ್ಟುತ್ತದೆಂಬ ಪರಿಸರ ಶಿಕ್ಷಣದ ಸಾಮಾನ್ಯ ನಂಬಿಕೆಯನ್ನು ಈ ಒಂದು ನಿದರ್ಶನವೇ ಪ್ರಶ್ನಿಸುತ್ತದೆ.

ಬೆದ್ದಲಿನ ಅಕ್ಕಡಿ ಸಾಲಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಜೋಳಗಳ ಸಾಲುಗಳನ್ನು ಬಿತ್ತುವ ಈ ಕ್ರಮವನ್ನು ಕೃಷಿ ವಿಜ್ಞಾನವು ಮಿಶ್ರಬೆಳೆಯೆಂದು ಗುರುತಿಸಿದೆ. ಗಂಡಸು ಕೂರಿಗೆ ಹೊಡೆದರೆ, ಅಕ್ಕಡಿಯ ಬೀಜವನ್ನು ಆಯ್ದು, ಬೂದಿ ಬೆರೆಸಿ, ಮಡಕೆಯಲ್ಲಿಟ್ಟು ವರ್ಷವಿಡೀ ಕಾಪಾಡುವ ಹೊಣೆ ಬಹುಮಟ್ಟಿಗೆ ಹೆಂಗಸರದು. ಅಜ್ಜಿಯಿಂದ ಮೊಮ್ಮಗಳಿಗೆ ದಾಟಿದ ಈ ಕಲಿಕೆ ಅಂಗಳದಲ್ಲಿ ನಡೆದುದರಿಂದಲೋ ಏನೋ, ‘ಬಯಲಿನ ಕೌಶಲ’ಗಳ ಪಟ್ಟಿಯಲ್ಲಿ ಅದಕ್ಕೆ ಎಡೆ ಸಿಕ್ಕಿಲ್ಲ.

ಮೇಲಿನ ನಿದರ್ಶನಗಳಲ್ಲಿ ‘ನಿಸರ್ಗಪ್ರೇಮ’ ಎಂಬ ಮಾತು ಎಲ್ಲಿಯೂ ಅಗತ್ಯವಾಗದಿರುವುದನ್ನು ಓದುಗರು ಗಮನಿಸಿರಬಹುದು. ಪಾಶ್ಚಾತ್ಯ ದೇಶಗಳಲ್ಲಿ ಬೆಳೆದ ಹೊರಾಂಗಣ ಶಿಕ್ಷಣದೊಡನೆ ಹೋಲಿಸಿದಾಗ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. ೧೯೦೭ರಲ್ಲಿ ಬ್ರೌನ್‌ಸೀ ದ್ವೀಪದ ಶಿಬಿರದಿಂದ ಆರಂಭವಾದ ಬೇಡನ್ ಪೊವೆಲ್ ಅವರ ಸ್ಕೌಟ್ ಚಳವಳಿಯ ಹಿಂದೆ ಸೈನಿಕ ಬೇಹುಗಾರಿಕೆಯ ಅನುಭವವಿತ್ತು; ಗುರುತು ಹಿಡಿಯುವುದು, ಬೆಂಕಿ ಹಚ್ಚುವುದು, ಗಂಟು ಹಾಕುವುದು ಅಲ್ಲಿ ಸ್ವಾವಲಂಬನೆಯ ಪಾಠಗಳು. ಸ್ಕ್ಯಾಂಡಿನೇವಿಯಾದ ಅರಣ್ಯ ಶಾಲೆಗಳಲ್ಲಿ ಮಗುವಿನ ಮನಸ್ಸಿನ ಸ್ವಾಸ್ಥ್ಯ ಮತ್ತು ಬಿಡುವಿನ ಸುಖ ಮುಖ್ಯವಾದವು. ಎರಡೂ ಗೌರವಾರ್ಹವಾದ ಪರಂಪರೆಗಳೇ. ಆದರೆ ಎರಡರಲ್ಲಿಯೂ ಬಯಲು ಎಂಬುದು ಮನೆಯಿಂದ ಹೊರಟು ಸೇರುವ ಜಾಗ. ನಾಗಮಂಗಲದ ಹುಡುಗನಿಗೆ ಹೊಲವು ಹೋಗಿಬರುವ ಜಾಗವಾಗಿರಲಿಲ್ಲ. ಅವನ ಕೌಶಲ ಒಬ್ಬಂಟಿಯಾಗಿ ಬದುಕುಳಿಯುವುದಕ್ಕಲ್ಲ, ಜೊತೆಯವರೊಡನೆ ಬಾಳುವುದಕ್ಕೆ ಬೇಕಾದುದಾಗಿತ್ತು. ನಮ್ಮಲ್ಲಿ ಈಚೆಗೆ ಜನಪ್ರಿಯವಾಗಿರುವ ನಿಸರ್ಗ ಶಿಬಿರಗಳು ಹೊರಗಿನ ಮಾದರಿಯನ್ನು ತಂದಿವೆಯೇ ಹೊರತು ಈ ಎರಡನೆಯ ಅರ್ಥವನ್ನು ಪರಿಶೀಲಿಸಿಲ್ಲ.

ಆಧುನಿಕ ಕನ್ನಡ ಸಾಹಿತ್ಯ ಇದನ್ನು ಹೇಗೆ ಕಂಡಿದೆ? ಈ ಸೀಮೆಯೇ ಕೊಟ್ಟ ಇಬ್ಬರು ದೊಡ್ಡ ಕವಿಗಳಿದ್ದಾರೆ. ಮೇಲುಕೋಟೆಯ ಪು.ತಿ. ನರಸಿಂಹಾಚಾರ್ (೧೯೦೫-೧೯೯೮) ಅವರ ‘ಗೋಕುಲ ನಿರ್ಗಮನ’ ದನಗಾಹಿಗಳ ಲೋಕವನ್ನು ತೊರೆದು ಕೃಷ್ಣ ಮಧುರೆಯ ಕಡೆಗೆ ಹೊರಡುವ ಕ್ಷಣವನ್ನು ಆರಿಸಿಕೊಂಡ ಗೀತರೂಪಕ. ಗೋಪಾಲಕರ ಜೀವನವನ್ನು ಅದು ಚೆಲುವಿನ, ಭಕ್ತಿಯ ನೆಲೆಯಲ್ಲಿ ಕಂಡಿದೆ; ಬಿಟ್ಟುಹೋಗುವುದರ ನೋವನ್ನು ಅಷ್ಟು ಸೂಕ್ಷ್ಮವಾಗಿ ಹಿಡಿದ ಕೃತಿ ಅಪರೂಪ. ಆದರೆ ಗೋಪಾಲನೆಯೆಂಬ ಕೆಲಸ ಅಲ್ಲಿ ಇಲ್ಲ. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ (೧೯೧೫-೨೦೦೩) ಅವರ ‘ಮೈಸೂರ ಮಲ್ಲಿಗೆ’ (೧೯೪೨) ಈ ಸೀಮೆಯ ಊರು, ಹಾದಿ, ಹೊಳೆಗಳನ್ನು ದಾಂಪತ್ಯದ ಆಪ್ತ ಭಿತ್ತಿಯಾಗಿಸಿತು. ಅಲ್ಲಿಯೂ ನೆಲ ಕಾಣುತ್ತದೆ, ದುಡಿಯುವ ಕೈ ಕಾಣುವುದು ಕಡಿಮೆ. ಇದನ್ನು ದೋಷವೆಂದು ಎಣಿಸುವುದು ವಿಮರ್ಶೆಯ ಅತಿರೇಕವಾದೀತು. ಕವಿ ತನ್ನ ವಸ್ತುವನ್ನು ತಾನು ಆರಿಸುತ್ತಾನೆ. ಆದರೆ ಈ ಕಾವ್ಯವನ್ನೇ ಆಧಾರವಾಗಿಟ್ಟುಕೊಂಡು ‘ನಮ್ಮವರು ನಿಸರ್ಗದೊಡನೆ ಸಾಮರಸ್ಯದಿಂದ ಬಾಳಿದರು’ ಎಂದು ಹೊರಡಿಸುವ ತೀರ್ಮಾನಗಳನ್ನು ಒಪ್ಪಲಾಗದು.

ಕಲಿಕೆಯ ಪ್ರಶ್ನೆಯನ್ನು ನೇರವಾಗಿ ಎದುರಿಸಿದವರು ಬೇರೆಡೆಯ ಗದ್ಯ ಲೇಖಕರು. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದ ಅಧ್ಯಾಪಕನ ಕೃತಿ. ನಗೆಯೂ ಕಲಿಸುವ ಸಾಧನವೆಂದು ಅದು ತೋರಿಸಿಕೊಟ್ಟಿತು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (೧೯೮೦) ಇನ್ನೂ ಮುಂದೆ ಹೋಗುತ್ತದೆ. ಊರಿನವರ ಕಣ್ಣಿಗೆ ಕೆಲಸಕ್ಕೆ ಬಾರದವನಾಗಿ ಕಾಣುವ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಒಬ್ಬ ಹುಟ್ಟು ನಿಸರ್ಗತಜ್ಞನನ್ನು ಕಾಣುತ್ತಾರೆ. ಈ ಕಾದಂಬರಿಯನ್ನು ಸಾಮಾನ್ಯವಾಗಿ ಜ್ಞಾನದ ಪ್ರಜಾಸತ್ತಾತ್ಮಕ ದೃಷ್ಟಿಯ ಕೃತಿಯೆಂದು ಓದಲಾಗಿದೆ, ಅದು ಸರಿಯೇ. ಆದರೂ ಮಂದಣ್ಣನ ಅರಿವಿಗೆ ಬೆಲೆ ಬರುವುದು ಕರ್ವಾಲೊ ಅದನ್ನು ಗುರುತಿಸಿದ ಮೇಲೆ ಎಂಬುದನ್ನು ಮರೆಯುವಂತಿಲ್ಲ. ಗುರುತಿಸುವವನಿಲ್ಲದ ಮಂದಣ್ಣರ ಗತಿಯೇನೆಂಬ ಪ್ರಶ್ನೆಯನ್ನು ಕಾದಂಬರಿ ಓದುಗನ ಕೈಗೆ ಬಿಟ್ಟಿದೆ.

ಇಲ್ಲಿ ಈ ಚರ್ಚೆಯ ಅತ್ಯಂತ ಕಠಿಣವಾದ ಭಾಗಕ್ಕೆ ಬರಬೇಕಾಗುತ್ತದೆ. ಬಯಲು ಕಲಿಕೆಯ ಮೌಲ್ಯಗಳನ್ನು ಕೊಂಡಾಡುವ ಬರಹಗಳು ಯಾರು ಅದನ್ನು ಕಲಿತರು, ಕಲಿಯದಿರುವ ಸ್ವಾತಂತ್ರ್ಯ ಅವರಿಗಿತ್ತೆ ಎಂದು ಕೇಳುವುದು ವಿರಳ. ನೀರುಗಂಟಿಯ ಕೆಲಸ ಬಹುಮಟ್ಟಿಗೆ ದಲಿತ ಕುಟುಂಬಗಳ ಪಾಲಿನದಾಗಿತ್ತು. ಊರಿನ ನೀರನ್ನೆಲ್ಲ ಅಳೆದು ಹಂಚಿದವನಿಗೆ ಊರಿನ ಬಾವಿಯ ನೀರು ಮುಟ್ಟುವ ಹಕ್ಕಿರಲಿಲ್ಲವೆಂಬುದು ಹಳೆಯ ಮೈಸೂರಿನ ಗ್ರಾಮಗಳಲ್ಲಿ ಅಪರೂಪದ ಸಂಗತಿಯಲ್ಲ. ದನ ಕಾಯುವ ಹುಡುಗರಲ್ಲಿ ಅನೇಕರು ತಂದೆಯ ಸಾಲಕ್ಕಾಗಿ ಜೀತಕ್ಕಿದ್ದವರು. ಜೀತಪದ್ಧತಿ ಕಾನೂನಿನ ಮೂಲಕ ರದ್ದಾದದ್ದು ೧೯೭೬ರಲ್ಲಿ. ಹುಲ್ಲಿನ ಹೆಸರು, ಹಾವಿನ ಜಾಡು, ಮಳೆಯ ಮುನ್ಸೂಚನೆ ಇವು ಆ ಹುಡುಗನಿಗೆ ಗೊತ್ತಿದ್ದವು. ಅಕ್ಷರ ಗೊತ್ತಿರಲಿಲ್ಲ, ಏಕೆಂದರೆ ಅವನನ್ನು ಶಾಲೆಗೆ ಬಿಟ್ಟಿರಲಿಲ್ಲ. ಅವನ ಮಗ ಬಯಲನ್ನು ಬಿಟ್ಟು ಶಾಲೆಯನ್ನು ಆರಿಸಿಕೊಂಡದ್ದನ್ನು ‘ಬೇರು ಕಡಿದುಕೊಂಡದ್ದು’ ಎಂದು ವರ್ಣಿಸುವುದು ಅನ್ಯಾಯದ ಮಾತು. ನೀರುಗಂಟಿಯ ಅರಿವಿನ ಜೊತೆಗೆ ಅವನ ಜಾತಿಬದ್ಧ ಸೇವೆಯೂ ಹೋಯಿತೆಂಬುದರಲ್ಲಿ ವಿಷಾದಪಡುವಂಥದೇನೂ ಇಲ್ಲ.

ಹಾಗೆಂದು ಅರಿವನ್ನೂ ಅನ್ಯಾಯದೊಡನೆ ಕೈಬಿಡಬೇಕೆಂಬ ನಿಲುವೂ ಸಮಾಧಾನಕರವಲ್ಲ. ಅರಿವು ಸಂಪಾದಿಸಿದವರು ಆ ಜನರೇ. ಅದು ಅವರ ಬುದ್ಧಿಯ ಗಳಿಕೆ, ಅವರ ಮೇಲೆ ಹೇರಿದವರದಲ್ಲ. ಆಕ್ಷೇಪಾರ್ಹವಾದುದು ಇಂದಿನ ವಿಪರ್ಯಾಸ: ಪಟ್ಟಣದ ಮಕ್ಕಳು ಶುಲ್ಕ ತೆತ್ತು ಹೊಳೆದಂಡೆಯ ಶಿಬಿರದಲ್ಲಿ ಹರಿಗೋಲು ಹತ್ತಿದರೆ ಅದು ‘ಅನುಭವಾತ್ಮಕ ಕಲಿಕೆ’, ಅದೇ ದಂಡೆಯ ಮೀನುಗಾರನ ಮಗ ಹರಿಗೋಲು ನಡೆಸಿದರೆ ಅದು ಶಾಲೆ ತಪ್ಪಿಸಿದ ಲೆಕ್ಕ. ಕೌಶಲ ಒಂದೇ, ಮೌಲ್ಯಮಾಪನ ಎರಡು. ಮೌಲ್ಯಗಳ ಬಗ್ಗೆ ಮಾತನಾಡುವ ಯಾವ ಅಧ್ಯಯನವೂ ಈ ಇಬ್ಬಗೆಯನ್ನು ದಾಟಿ ಮುಂದೆ ಹೋಗಲಾರದು.

ಶಿಕ್ಷಣ ಕ್ಷೇತ್ರದ ಪ್ರಯತ್ನಗಳನ್ನು ಈ ಬೆಳಕಿನಲ್ಲಿ ನೋಡಬೇಕು. ೧೯೩೭ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮ್ ಕೈಕಸುಬನ್ನು ಶಿಕ್ಷಣದ ಕೇಂದ್ರಕ್ಕೆ ತಂದಿತು. ಎಲ್ಲ ಜಾತಿಯ ಮಕ್ಕಳೂ ಕೈಕೆಲಸ ಕಲಿಯಬೇಕೆಂಬ ಅದರ ಆಶಯ ಮೇಲೆ ಹೇಳಿದ ಇಬ್ಬಗೆಗೆ ಒಂದು ಉತ್ತರವಾಗಿತ್ತು. ಅದು ಸರ್ಕಾರಿ ಶಾಲೆಗಳಲ್ಲಿ ನೂಲುವ ಪಿರಿಯಡ್ ಆಗಿ ಸೊರಗಿದ್ದು ಬೇರೆ ಕತೆ. ಈ ಸೀಮೆಯಲ್ಲಿ ಗಾಂಧೀ ಚಿಂತನೆಯ ಎಳೆಯನ್ನು ಹಿಡಿದು ನಿಂತದ್ದು ಸುರೇಂದ್ರ ಕೌಲಗಿಯವರು ೧೯೬೦ರಲ್ಲಿ ಮೇಲುಕೋಟೆಯಲ್ಲಿ ಆರಂಭಿಸಿದ ಜನಪದ ಸೇವಾ ಟ್ರಸ್ಟ್. ಖಾದಿ, ಸಾವಯವ ಬೇಸಾಯ, ಪ್ರಕಟಣೆಗಳ ಮೂಲಕ ಅದು ದುಡಿಮೆ ಮತ್ತು ಕಲಿಕೆಯನ್ನು ಬೇರ್ಪಡಿಸದೆ ನಡೆಸಿಕೊಂಡು ಬಂದಿದೆ. ಇಂಥ ಪ್ರಯೋಗ ಚಿಕ್ಕದಾಗಿ ಉಳಿದದ್ದನ್ನು ಅದರ ಸೋಲೆಂದು ಎಣಿಸುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಚಿಕ್ಕದಾಗಿದ್ದುದರಿಂದಲೇ ಅದು ಉಳಿಯಿತು.

ಸರ್ಕಾರದ ಕಡೆಯಿಂದ ೧೯೯೫ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾದ ‘ನಲಿ ಕಲಿ’ ಮಗುವಿನ ವೇಗಕ್ಕೆ ತಕ್ಕ ಕಲಿಕೆಗೆ ಎಡೆಮಾಡಿತು. ಸರ್ವೋಚ್ಚ ನ್ಯಾಯಾಲಯ ೨೦೦೩ರಲ್ಲಿ ಪರಿಸರ ಶಿಕ್ಷಣವನ್ನು ಎಲ್ಲ ಹಂತಗಳಲ್ಲೂ ಕಡ್ಡಾಯಗೊಳಿಸಿತು. ೨೦೦೫ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಲೆಯ ಜ್ಞಾನವನ್ನು ಹೊರಗಿನ ಬದುಕಿಗೆ ಜೋಡಿಸಲು ಹೇಳಿತು. ೨೦೨೦ರ ಶಿಕ್ಷಣ ನೀತಿ ಸ್ಥಳೀಯ ಕುಶಲಕರ್ಮಿಗಳೊಡನೆ ಕಲಿಯುವ ಹತ್ತು ಚೀಲರಹಿತ ದಿನಗಳನ್ನು ಸೂಚಿಸಿತು. ಆಶಯಗಳೆಲ್ಲ ಒಳ್ಳೆಯವೇ. ಆದರೆ ಪರಿಸರ ಅಧ್ಯಯನವು ಪಠ್ಯವಾದೊಡನೆ ಹದವು ವ್ಯಾಖ್ಯೆಯಾಗುತ್ತದೆ, ಕೆರೆಯು ಚಿತ್ರವಾಗುತ್ತದೆ. ಹತ್ತು ದಿನಗಳಲ್ಲಿ ಪಾಕದ ಹದ ಕಾಣಿಸುವುದಿಲ್ಲ. ಅದಕ್ಕೆ ಹಂಗಾಮುಗಳು ಬೇಕು. ಇದಕ್ಕಿಂತ ಹೆಚ್ಚು ಫಲ ಕೊಟ್ಟದ್ದು, ಇದೇ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ೧೯೯೦ರ ದಶಕದಲ್ಲಿ ರೂಪುಗೊಂಡ ಹೆಜ್ಜಾರ್ಲೆ ಬಳಗದಂಥ ಪ್ರಯತ್ನ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬೆಳೆಸಿ ಬಿಡುವ ಕೆಲಸ ಅಲ್ಲಿ ಊರಿನವರದೇ ಆಯಿತು. ಅದು ಪಠ್ಯವಾಗದೆ ಋತುವಿಗೆ ಕಟ್ಟುಬಿದ್ದ ಹೊಣೆಯಾಗಿ ನಡೆಯಿತು.

ಸಂಗ್ರಹದ ವಿಷಯಕ್ಕೆ ಬಂದರೆ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡ (೧೯೧೫-೨೦೦೫) ಅವರ ಹೆಸರನ್ನು ಕೃತಜ್ಞತೆಯಿಂದ ನೆನೆಯಬೇಕು. ೧೯೭೯ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನೂ ಅನಂತರ ರಾಮನಗರದ ಬಳಿ ಜಾನಪದ ಲೋಕವನ್ನೂ ಕಟ್ಟಿದ ಅವರ ಶ್ರಮವಿಲ್ಲದಿದ್ದರೆ ಈ ಸೀಮೆಯ ಬೇಸಾಯ, ಬೇಟೆ, ಮೀನುಗಾರಿಕೆಯ ಎಷ್ಟೋ ಉಪಕರಣಗಳ ಗುರುತೂ ಉಳಿಯುತ್ತಿರಲಿಲ್ಲ. ಆದರೆ ವಸ್ತುಸಂಗ್ರಹಾಲಯಕ್ಕೆ ಅದರದೇ ಆದ ಮಿತಿಯಿದೆ. ಕೂರಿಗೆಯನ್ನು ಗೋಡೆಗೆ ಒರಗಿಸಿಡಬಹುದು, ಅದರ ಬಟ್ಟಲಿಗೆ ಕಾಳು ಬಿಡುವ ಬೆರಳುಗಳ ಲಯವನ್ನು ಇಡಲಾಗದು. ವೃತ್ತಿಪದಕೋಶಗಳ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಅವುಗಳಲ್ಲಿ ನಾಮಪದಗಳು ತುಂಬಿವೆ, ಕ್ರಿಯೆಯನ್ನೂ ತೀರ್ಮಾನವನ್ನೂ ಹೇಳುವ ಮಾತುಗಳು ವಿರಳ.

ಕಲಿಯುವ ನೆಲವೇ ಇಲ್ಲವಾಗುತ್ತಿರುವ ಸಂಗತಿಯೂ ಇದೆ. ಗೋಮಾಳಗಳು ಒತ್ತುವರಿಯಾಗಿವೆ ಇಲ್ಲವೆ ಹಂಚಿಹೋಗಿವೆ. ಪಾಂಡವಪುರದ ಬೇಬಿಬೆಟ್ಟದ ಕಲ್ಲುಗಣಿಗಾರಿಕೆ ಕನ್ನಂಬಾಡಿ ಕಟ್ಟೆಯ ಸುರಕ್ಷತೆಯ ಪ್ರಶ್ನೆಯಾಗಿ ಉಚ್ಚ ನ್ಯಾಯಾಲಯದವರೆಗೆ ಹೋಯಿತು. ಆ ಬೆಟ್ಟದ ತಪ್ಪಲಿನಲ್ಲಿ ದನ ಮೇಯಿಸಿದವರ ಪ್ರಶ್ನೆ ಅಷ್ಟು ದೂರ ಹೋಗಲಿಲ್ಲ. ಕಬ್ಬಿನ ಗದ್ದೆಗಳಲ್ಲಿ ಚಿರತೆ ಮರಿಹಾಕುವ ಸುದ್ದಿಗಳು ಬರುತ್ತಿರುವ ಊರುಗಳಲ್ಲಿ ಮಕ್ಕಳನ್ನು ಹೊಲಕ್ಕೆ ಒಬ್ಬರೇ ಕಳುಹಿಸಲು ತಾಯಂದಿರು ಹಿಂಜರಿಯುತ್ತಾರೆ.

ಆಲೆಮನೆಗ‌ಳ ಸಂಖ್ಯೆಯೂ ಇಳಿದಿದೆ. ಉಳಿದಿರುವ ಹಲವೆಡೆಗಳಲ್ಲಿ ಈಗ ಪಾಕ ನೋಡುವವರು ಉತ್ತರ ಭಾರತದಿಂದ ಹಂಗಾಮಿಗೆ ಬಂದ ಕೆಲಸಗಾರರು. ಅವರೊಡನೆ ಅವರ ಮಕ್ಕಳೂ ರಚ್ಚಿನ ರಾಶಿಯ ಪಕ್ಕದಲ್ಲಿ ಬೆಳೆಯುತ್ತಿದ್ದಾರೆ. ಊರಿನ ಶಾಲೆಗೆ ಅವರ ಭಾಷೆ ಬಾರದು, ಅವರಿಗೆ ಶಾಲೆಯ ಭಾಷೆ ಬಾರದು. ಕೊಪ್ಪರಿಗೆಯ ಮುಂದೆ ನಿಂತು ಅವರು ಬೆಲ್ಲದ ಹದವನ್ನು ಯಾವ ಮಾತಿನಲ್ಲಿ ಹೇಳಿಕೊಳ್ಳುತ್ತಾರೆ, ಮಾಲೀಕನ ಕನ್ನಡದಲ್ಲಿ ಅದು ಏನಾಗುತ್ತದೆ, ಆ ಮಕ್ಕಳು ಯಾವ ಮಾತಿನಲ್ಲಿ ಅದನ್ನು ಕಲಿಯುತ್ತಿದ್ದಾರೆ ಎಂಬುದರ ಕ್ಷೇತ್ರಕಾರ್ಯ ಆಗಬೇಕಾಗಿದೆ. ಪಾಂಡವಪುರದ ಆಲೆಮನೆಗಳಿಂದಲೇ ಅದನ್ನು ಆರಂಭಿಸಬಹುದು.